ಅಗಲದ ಲೆನ್ಸು ಬಂದ ಮೇಲೆ

ಇವತ್ತು ಬೆಳಿಗ್ಗೆ ಕ್ಯಾಮೆರಾ ಚೀಲದ ಜಿಪ್ಪು ಎಳೆದರೆ ಒಳಗಿನಿಂದ ಊದಿನಕಡ್ಡಿಯ ವಾಸನೆ ಗಮ್ಮೆಂದಿತು. ನನ್ನನ್ನು ಭಾರೀ ದೈವಭಕ್ತ ಎಂದುಕೊಂಡೀರಿ, ಹಾಗೇನಿಲ್ಲ. ಹಳಿಯಾಳದಲ್ಲಿ ಫೋಟೋ ಸ್ಟುಡಿಯೋ ಇಟ್ಟವನ ಚೀಲಕ್ಕೆ ಮದುವೆಮನೆಯ ಅತ್ತರೂ ಹತ್ತುತ್ತದೆ, ಸಾವಿನ ಮನೆಯ ಊದಿನಕಡ್ಡಿಯೂ ಹತ್ತುತ್ತದೆ. ಇದು ಹೋದ ವಾರದ ಸಾವಿನ ಮನೆಯದು. ಅಲ್ಲಿ ತೆಗೆದ ಫೋಟೋ ಪ್ರಿಂಟಾಗಿ ಮೇಜಿನ ಮೇಲಿತ್ತು. ಅದನ್ನು ಒಯ್ಯಲು ಸಂಜೆ ಆ ಮನೆಯ ಬಸಣ್ಣ ಬರುವವರಿದ್ದರು. ಅವರಿಗೆ ಏನು ಹೇಳಬೇಕೋ ನನಗೆ ತಿಳಿಯುತ್ತಿರಲಿಲ್ಲ.

ಇದಕ್ಕೆಲ್ಲ ಮೂಲ ಆ ಲೆನ್ಸು. ಎರಡು ವರ್ಷದ ಹಿಂದೆ ದಾಂಡೇಲಿ, ಜೋಯಿಡಾ ಕಡೆಯ ಹೋಮ್‌ಸ್ಟೇಗಳ ಫೋಟೋ ಕೆಲಸ ಸಿಗತೊಡಗಿತು. ಕೋಗಿಲಬನದ ಹೋಮ್‌ಸ್ಟೇ ಮಾಲೀಕರೊಬ್ಬರು ಮುಚ್ಚುಮರೆಯಿಲ್ಲದೆ ಹೇಳಿದರು: "ಖೋಲಿ ಸಣ್ಣದೈತ್ರಿ. ಫೋಟೋದಾಗ ದೊಡ್ಡದ ಕಾಣಬೇಕು." ನನ್ನ ಹಳೆಯ ಲೆನ್ಸಿಗೆ ಮಂಚ ಬಂದರೆ ಕಿಟಕಿ ಬರುತ್ತಿರಲಿಲ್ಲ, ಕಿಟಕಿ ಬಂದರೆ ಮಂಚದ ಕಾಲು ಮಾಯ. ಮೂಲೆಯಲ್ಲಿ ನಿಂತು ಇಡೀ ಕೋಣೆಯನ್ನು ಹಿಡಿಯುವ ವೈಡ್ ಆಂಗಲ್ ಲೆನ್ಸು ಬೇಕೇ ಬೇಕಾಯಿತು.

ಬೇಕೆಂದರೆ ಸಾಕೇ? ಕಂಪನಿಯ ಹೊಸ ಲೆನ್ಸಿನ ಬೆಲೆ ನೋಡಿ ಮೊಬೈಲನ್ನೇ ಮಗುಚಿಟ್ಟೆ. ಅಗ್ಗದ್ದೊಂದಿತ್ತು, ಆದರೆ ಫೋಕಸ್ ಕೈಯಿಂದಲೇ ತಿರುಗಿಸಬೇಕು. ಚಾಳೀಸು ಬಂದ ನನ್ನ ಕಣ್ಣಿನ ಮೇಲೆ ನನಗೇ ಅಷ್ಟು ಭರವಸೆ ಇಲ್ಲ. ಕೊನೆಗೆ ಹುಬ್ಬಳ್ಳಿಗೆ ಹೋಗಿ, ಹಳೇ ಕ್ಯಾಮೆರಾ ಮಾರುವ ಅಂಗಡಿಯಲ್ಲಿ ಕೂತು, ಸೆಕೆಂಡ್ ಹ್ಯಾಂಡ್ ಲೆನ್ಸುಗಳಿಗೆ ಒಂದೊಂದಾಗಿ ಟಾರ್ಚು ಬಿಟ್ಟು ಗಾಜಿನೊಳಗೆ ಬೂಷ್ಟು ಹಿಡಿದಿದೆಯೋ ಎಂದು ನೋಡಿದೆ. ಹೆಣ್ಣು ನೋಡಲು ಹೋದಾಗಲೂ ನಾನು ಇಷ್ಟು ಪರೀಕ್ಷೆ ಮಾಡಿರಲಿಲ್ಲ. ಕತ್ತಲಲ್ಲಿ ಸ್ವಲ್ಪ ಸೊರಗುವ, ಹೊರಮೈ ತರಚಿದ, ಗಾಜು ಮಾತ್ರ ಸ್ವಚ್ಛವಿದ್ದ ಒಂದನ್ನು ಆರಿಸಿದೆ. ಮನೆಗೆ ತಂದು ಹೆಂಡತಿಯನ್ನು ಗೋಡೆಯ ಅಂಚಿಗೆ ನಿಲ್ಲಿಸಿ ಮೊದಲ ಫೋಟೋ ತೆಗೆದೆ.

"ಅಯ್ಯ, ನನ್ನ ತಲಿ ಕುಂಬಳಕಾಯಿ ಆಗೇತಲ್ರಿ!" ಎಂದಳು. ಅಂಚಿನಲ್ಲಿದ್ದವರನ್ನು ಎಳೆದು ಅಗಲ ಮಾಡುವುದು ಆ ಲೆನ್ಸಿನ ಚಾಳಿ. ಅದೊಂದು ಬಿಟ್ಟರೆ ಕೊಟ್ಟ ದುಡ್ಡಿಗೆ ಮೋಸವಿರಲಿಲ್ಲ.

ಹೋದ ವಾರ ಬಸಣ್ಣನ ತಾಯಿ ತೀರಿಕೊಂಡರು. ಬಸಣ್ಣ ಹತ್ತಿರದ ಹಳ್ಳಿಯ ರೈತರು. ಫ್ಯಾಕ್ಟರಿಗೆ ಕಬ್ಬು ಕಳಿಸುವ ಹಂಗಾಮಿನಲ್ಲಿ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಚಹಾ ಕುಡಿಯುವವರು. ಅವರ ಅಕ್ಕ ಶಾಂತವ್ವನನ್ನು ಮುಂಡಗೋಡ ಕಡೆ ಕೊಟ್ಟಿದೆ. ಆಕೆ ಒಮ್ಮೆ ತಾಯಿಯನ್ನು ತನ್ನಲ್ಲಿಗೆ ಕರೆದೊಯ್ದು ಕಣ್ಣಿನ ಆಪರೇಶನ್ ಮಾಡಿಸಿದ್ದಳು, ಕಣ್ಣು ಬರಲಿಲ್ಲ. "ಅವ್ವನ ಕಣ್ಣು ನೀನ ಕಳದಿ" ಎಂದುಬಿಟ್ಟರು ಬಸಣ್ಣ. ಅಂದಿನಿಂದ ಅಕ್ಕ ತವರಿನ ಹೊಸ್ತಿಲು ತುಳಿಯಲಿಲ್ಲ, ತಮ್ಮ ಕರೆಯಲಿಲ್ಲ. ಇದನ್ನು ಬಸಣ್ಣನೇ ನನಗೆ ಹೇಳಿದ್ದರು, ಚಹಾದ ಲೋಟ ತಣ್ಣಗಾಗುವವರೆಗೆ ಕೈಯಲ್ಲಿ ಹಿಡಿದುಕೊಂಡು.

ನಮ್ಮ ಕಡೆ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಮಾಲೆ ಹಾಕಿ ಗೋಡೆಗೆ ಆನಿಸಿ ಕೂಡಿಸುತ್ತಾರೆ. ಮಣ್ಣಿಗೆ ಒಯ್ಯುವ ಮೊದಲು ಮನೆಯವರೆಲ್ಲ ಸುತ್ತ ಕೂತು ಒಂದು ಫೋಟೋ. ನಾನು ಹೋದಾಗ ಭಜನೆಯವರು ತಾಳ ನಿಲ್ಲಿಸಿ ಜಾಗ ಬಿಟ್ಟರು. ಪಡಸಾಲೆಯ ಈ ತುದಿಯಲ್ಲಿ ಬಸಣ್ಣ, ಆ ತುದಿಯಲ್ಲಿ ಅಡುಗೆಮನೆಯ ಬಾಗಿಲು ಹಿಡಿದು ಶಾಂತವ್ವ, ನಡುವೆ ಸೊಸೆಯಂದಿರು, ಮೊಮ್ಮಕ್ಕಳು.

ಹಳೆಯ ಲೆನ್ಸಾಗಿದ್ದರೆ ನಾನು ಅಂಗಳಕ್ಕಿಳಿದು ಬಾಗಿಲಿನಿಂದಲೇ "ಸರೀರಿ, ಸರೀರಿ" ಎಂದು ಕೂಗಬೇಕಿತ್ತು. ಇದರಲ್ಲಿ ಎಲ್ಲರೂ ಬಂದಿದ್ದರು. ಈ ತುದಿಯ ತಮ್ಮ, ಆ ತುದಿಯ ಅಕ್ಕ, ಇಬ್ಬರೂ. ಒತ್ತಿದರೆ ಮುಗಿಯಿತು. ಆದರೆ ನನ್ನ ಬೆರಳು ಒತ್ತಲಿಲ್ಲ. ಈಗ ಇವರು ಹೀಗೇ ನಿಂತರೆ ಇನ್ನು ಯಾವ ನೆಪಕ್ಕೆ ಹತ್ತಿರ ಬಂದಾರು ಎನಿಸಿತು.

"ಫೋಟೋದಾಗ ಎಲ್ಲಾ ಬರವಲ್ದ್ರಿ ಬಸಣ್ಣಾ. ಅವ್ವನ ಬಾಜೂಕ ಬಂದು ಕೂಡ್ರಿ. ಅಕ್ಕಾರ, ನೀವೂ ಈ ಕಡೆ ಬಾಜೂಕ ಬರ್ರಿ."

"ಹೊಸಾ ಲೆನ್ಸ್ ತಂದೇನಿ ಅಂತಿದ್ದಿ?" ಎಂದು ಭಜನೆಯ ಮುದುಕರೊಬ್ಬರು ಗೊಣಗಿದರು.

"ಹೊಸಾದಲ್ರಿ ಅಜ್ಜಾ, ಸೆಕೆಂಡ್ ಹ್ಯಾಂಡ್" ಎಂದೆ.

ಇಬ್ಬರೂ ಬಂದರು. ಒಬ್ಬರ ಮುಖ ಒಬ್ಬರು ನೋಡದೆ ತಾಯಿಯ ಎಡಕ್ಕೊಬ್ಬರು ಬಲಕ್ಕೊಬ್ಬರು ಕೂತರು. ತಾಯಿಯ ಮೈ ಸ್ವಲ್ಪ ವಾಲಿತ್ತು. ಶಾಂತವ್ವ ಬೆನ್ನಿಗೆ ಆಸರೆ ಕೊಡಲು ಹಿಂದಿನಿಂದ ಕೈ ಹಾಕಿದಳು. ಅಲ್ಲಿ ಆಗಲೇ ಬಸಣ್ಣನ ಕೈ ಇತ್ತು. ಆಕೆ ಒಮ್ಮೆ ಬೆಚ್ಚಿದಳು. ಆದರೆ ಕೈ ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ. ನಾನು ಒತ್ತಿದೆ.

ಮಣ್ಣು ಮುಗಿಸಿ ಆಕೆ ಮಾತಿಲ್ಲದೆ ಮುಂಡಗೋಡಕ್ಕೆ ಹೊರಟುಹೋದಳೆಂದು ಆಮೇಲೆ ಗೊತ್ತಾಯಿತು. ಪ್ರಿಂಟು ತೆಗೆದು ನೋಡುತ್ತೇನೆ, ನನ್ನ ಸುಳ್ಳು ಎದ್ದು ಕಾಣುತ್ತಿದೆ. ನಡುವೆ ಎಲ್ಲರೂ ಒತ್ತಿಕೊಂಡು ಕೂತಿದ್ದಾರೆ, ಈ ಬದಿಗೆ ಬರೀ ಖಾಲಿ ಗೋಡೆ, ಆ ಬದಿಗೆ ಖಾಲಿ ಬಾಗಿಲು. "ಕತ್ತರಿಸಿ ಕೊಡ್ರಿ, ಯಾರಿಗೆ ತಿಳೀತದ" ಎಂದಳು ಹೆಂಡತಿ. ಒಂದು ಸುಳ್ಳು ಮುಚ್ಚಲು ಇನ್ನೊಂದು ಹೇಳಲು ಮನಸ್ಸಾಗಲಿಲ್ಲ.

ಸಂಜೆ ಬಸಣ್ಣ ಬಂದರು. ಫೋಟೋ ಹಿಡಿದು ಬಹಳ ಹೊತ್ತು ನೋಡಿದರು. ಖಾಲಿ ಗೋಡೆಯ ಮೇಲೆ ಬೆರಳಿಟ್ಟರು.

"ನಾ ಇಲ್ಲೆ ನಿಂತಿದ್ದೆ."

"ಹೌದ್ರಿ."

"ಅಕ್ಕ ಇಲ್ಲಿ." ಬೆರಳು ಬಾಗಿಲಿಗೆ ಸರಿಯಿತು. "ಅಲ್ಲೇ ನಿಂತಿದ್ರೂ ಬರ್ತಿದ್ವಿ."

"ಬರ್ತಿದ್ರಿ ಬಸಣ್ಣಾ. ತಪ್ಪು ತಿಳೀಬ್ಯಾಡ್ರಿ. ಬ್ಯಾಡಾದ್ರ ಬದಿ ಕತ್ತರಿಸಿ ಕೊಡ್ತೇನಿ."

ಅವರು ಬೇಡವೆಂದು ತಲೆಯಾಡಿಸಿದರು. ಬೆಂಚಿನ ಮೇಲೆ ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನನ್ನ ಕಣ್ಣಲ್ಲೂ ನೀರು ಬಂತು. ಆಮೇಲೆ ಅವರು ಮುಖ ಒರೆಸಿಕೊಂಡು ಎದ್ದರು.

"ಕತ್ತರಿಸಬ್ಯಾಡ್ರಿ, ಹಿಂಗ ಇರ್ಲಿ. ಇಂಥಾದ್ದ ಇನ್ನೊಂದು ತಗೀರಿ, ಅಕ್ಕಗ." ಬಾಗಿಲ ಕಡೆ ನೋಡಿದರು. "ಮುಂಡಗೋಡಕ್ಕ ಈಗ ಬಸ್ ಐತೇನ್ರಿ?"