ಅಂಬೆಗಾಲಿಡಲು ಬ್ರಹ್ಮಾವರಕ್ಕೆ

ಶನಿವಾರ ಬೆಳಿಗ್ಗೆ ಬಿಜೂರಿನಿಂದ ಹೊರಟೆವು: ನಾನು, ನಾಲ್ಕು ವರ್ಷದ ಮಗಳು ಪ್ರಣತಿ, ಕರೆಯದೆಯೂ ಹೊಸ ಸೀರೆ ಉಟ್ಟು ನಿಂತಿದ್ದ ನನ್ನ ಅತ್ತೆ. ಬ್ರಹ್ಮಾವರದಲ್ಲಿ ಮಕ್ಕಳಿಗೆ ಕುಣಿತದ ಮೂಲಕ ಚಿಕಿತ್ಸೆ ಕೊಡುತ್ತಾರೆಂದು ಕೇಳಿದ್ದೆ. ಪ್ರಣತಿ ನಡೆಯುವಾಗ ಹೆಜ್ಜೆಹೆಜ್ಜೆಗೂ ಮುಗ್ಗರಿಸುತ್ತಾಳೆ. ಬೀಳುವಾಗ ಕೈ ಊರುವುದಿಲ್ಲ, ಗದ್ದ ಒಡೆದುಕೊಳ್ಳುತ್ತಾಳೆ. ಕಾಯಿಲೆ ಏನಿಲ್ಲ, ಅಭ್ಯಾಸ ಬೇಕು ಎಂದಿದ್ದರು ಡಾಕ್ಟರು. ದೊಡ್ಡವಳಾದರೆ ಸರಿಯಾಗುತ್ತಾಳೆ ಎನ್ನುವವರ ಮಾತು ಕೇಳಿ ನನಗೆ ಸಾಕಾಗಿತ್ತು.

ಮಗು ಅಂಬೆಗಾಲಿಟ್ಟು ಹೊಸ್ತಿಲು ದಾಟಿದ ದಿನ ಕಾಯಿ ಒಡೆಯುವುದು ನಮ್ಮ ಮನೆಯ ಕ್ರಮ. ಆದರೆ ನೆಲ ಥಂಡಿ ಎಂದು ಅತ್ತೆ ಪ್ರಣತಿಯನ್ನು ಕೆಳಗೆ ಬಿಟ್ಟವರೇ ಅಲ್ಲ. ಒಳ್ಳೆಯ ದಿನ ನೋಡಿ, ಸೊಂಟದಲ್ಲಿ ಕೂರಿಸಿಕೊಂಡೇ ದಾಟಿಸಿ, ಕಾಯಿಯನ್ನೂ ಒಡೆದುಬಿಟ್ಟರು!

ಕುಂದಾಪುರದಲ್ಲಿ ಬನ್ಸ್ ತಿಂದು ಬಸ್ಸು ಬದಲಿಸಿದೆವು. ಅಲ್ಲಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ತೆಕ್ಕಟ್ಟೆ ದಾಟುವಾಗ ಬಿಸಿಲಿಗೆ ಕಿಟಕಿಯ ಸರಳು ಮುಟ್ಟುವಂತಿರಲಿಲ್ಲ. ಸಾಸ್ತಾನದ ಟೋಲಿನಲ್ಲಿ ಬಸ್ಸು ನಿಧಾನವಾದಾಗ ಅತ್ತೆ ಕೇಳಿದರು, "ಅಲ್ಲ್ ಗೆಜ್ಜೆ ಕಟ್ತ್ರಾ?"

ಗೆಜ್ಜೆ ಇರಲಿಲ್ಲ. ಚಾಪೆ ಹಾಸಿದ ಉದ್ದ ಕೋಣೆಯಲ್ಲಿ ಶಾಲಿನಿ ಟೀಚರ್ ತಾಳ ಹಾಕುತ್ತಾ ಮಕ್ಕಳನ್ನು ಹೊರಳಿಸಿದರು, ತೆವಳಿಸಿದರು, ಅಂಬೆಗಾಲಿಡಿಸಿದರು. ಕೈಕಾಲು ಒಂದಕ್ಕೊಂದು ಹೊಂದಿಕೊಳ್ಳುವುದನ್ನು ಮಗು ನೆಲದಲ್ಲೇ ಕಲಿಯುತ್ತದೆ, ಬಿಟ್ಟುಹೋದದ್ದನ್ನು ಇಲ್ಲಿ ಕುಣಿತವಾಗಿ ಮಾಡಿಸುತ್ತೇವೆ ಎಂದರು.

ಅತ್ತೆಗೆ ಸಿಟ್ಟು ನೆತ್ತಿಗೇರಿತು. "ನಡೆವ ಹೆಣ್ಣನ್ನ ನೆಲದಲ್ ಹೊರಳ್ಸುಕೆ ಇಷ್ಟ್ ದೂರ ಬರ್ಕಾ? ಕಂಡವ್ರ್ ಎಂತ ಹೇಳುವ್ರ್? ಎತ್ಕೊ, ಹೋಪ!"

"ಹೇಳ್ಲಿ ಅತ್ತೆ. ನಾನೂ ಹೊರಳ್ತೆ, ಕಾಣಿ," ಎಂದು ಸೆರಗು ಸಿಕ್ಕಿಸಿ ಚಾಪೆಗೆ ಇಳಿದೇಬಿಟ್ಟೆ. ಪ್ರಣತಿ ಮೊದಲು ಅತ್ತಳು. ಆಮೇಲೆ ನನ್ನ ಹಿಂದೆ ಬಂದಳು. ಕೈ ಮುಂದಿಟ್ಟರೆ ಕಾಲು ಮರೆಯುತ್ತಿದ್ದಳು. ಅದನ್ನು ನೋಡಿ ನನಗೆ ಅಳು ಬಂತು, ಹಠ ಇನ್ನೂ ಹೆಚ್ಚಾಯಿತು. ಕ್ಲಾಸು ಮುಗಿಯುವ ಹೊತ್ತಿಗೆ ಕೈಯೂ ಕಾಲೂ ಸ್ವಲ್ಪ ಮಾತು ಕೇಳತೊಡಗಿದ್ದವು.

ವಾಪಸು ಬಸ್ಸಿನ ಮೆಟ್ಟಿಲು ಎತ್ತರವಿತ್ತು. ಮೊದಲು ಹತ್ತಿದ ಅತ್ತೆ ಮೇಲಿಂದ ಎರಡೂ ಕೈ ಚಾಚಿದರು. "ಬ್ಯಾಡ," ಎಂದೆ.

"ಹ್ವಾಯ್, ಮಗಿನ್ ಎತ್ಕಣಿ, ಟೈಮ್ ಆಯ್ತ್!" ಕಂಡಕ್ಟರ್ ಕೂಗಿದ.

"ಎತ್ತುದಿಲ್ಲೆ. ಅವ್ಳೇ ಹತ್ತುದ್."

ಡ್ರೈವರ್ ಹಾರನ್ ಹೊಡೆದ. ಒಳಗಿದ್ದವರು ಗೊಣಗಿದರು. ನಾನು ಅಲುಗಾಡಲಿಲ್ಲ. ಪ್ರಣತಿ ಅಂಗೈ ಊರಿ, ಒಂದು ಮೊಣಕಾಲಿಟ್ಟು, ಮತ್ತೆ ಅಂಗೈ ಊರಿ, ಇನ್ನೊಂದು ಮೊಣಕಾಲಿಟ್ಟು, ಮೇಲೆ ಮುಟ್ಟಿದಳು. ಮೆಟ್ಟಿಲಿನ ಕೊಳೆ ಹಿಡಿದ ಎರಡೂ ಕೈಗಳನ್ನು ಅಜ್ಜಿಯ ಹೊಸ ಸೀರೆಗೆ ಚೆನ್ನಾಗಿ ಒರೆಸಿದಳು.

ಕುಂದಾಪುರದವರೆಗೂ ಅತ್ತೆ ಸೀರೆಯ ಕಲೆ ಉಜ್ಜುತ್ತಲೇ ಕೂತಿದ್ದರು. ಇಳಿಯುವಾಗ ಮುಖ ತಿರುಗಿಸಿಕೊಂಡೇ ಹೇಳಿದರು:

"ಬಪ್ಪ ಶನಿವಾರ ನಾ ಹಳೇ ಸೀರೆ ಉಟ್ಕಂಡ್ ಬತ್ತೆ."