ಪಕ್ಕದ ಮನೆಯವರ ದನಿ

ನನ್ನ ಮಗಳು ರಂಜಿತಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಈಗ ಹನ್ನೊಂದು ವರ್ಷ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಮುಂದೆ ಎರಡು ಪವರ್‌ಲೂಮ್ ಮಗ್ಗ, ಹಿಂದೆ ಅಡುಗೆಮನೆ. ಅಡುಗೆಮನೆಯಲ್ಲಿ ಕೂತೇ, "ಅಪ್ಪಾ, ಗೋಡೆ ಕಡೆ ಮಗ್ಗದ ಸದ್ದು ಬದಲಾಯ್ತು ನೋಡು" ಎನ್ನುತ್ತಾಳೆ. ಹೋಗಿ ನೋಡಿದರೆ ಎಳೆ ಹರಿದಿರುತ್ತದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅಷ್ಟು ಕಿವಿಯೂ ಇಲ್ಲ, ಅಷ್ಟು ತಾಳ್ಮೆಯೂ ಇಲ್ಲ.

ಹೋದ ವರ್ಷ ಬೆಂಗಳೂರಿನ ಒಂದು ಸಂಸ್ಥೆಯವರು ಇಂಥ ಮಕ್ಕಳಿಗೆ ಫೋನಿನಲ್ಲೇ ಕ್ಲಾಸು ಶುರುಮಾಡಿದರು. ಹೆಂಡತಿ ಪ್ರಮೋದಾ ಇವಳನ್ನು ಸೇರಿಸಿದಳು. ನನ್ನ ಫೋನಿಗೆ ಮಾತಾಡುವ ದನಿ ಹಾಕಿಕೊಟ್ಟರು. ಬೆರಳಿಟ್ಟ ಕಡೆ ಏನಿದೆ ಎಂದು ಫೋನೇ ಹೇಳುತ್ತದೆ, ಪಾಠವನ್ನೂ ಓದುತ್ತದೆ. ಶನಿವಾರ ಹನ್ನೊಂದು ಗಂಟೆಗೆ ರಂಜಿತ ಅಡುಗೆಮನೆಯ ಬಾಗಿಲು ಹಾಕಿ, ಮಗ್ಗದ ಸದ್ದು ತಟ್ಟದಿರಲೆಂದು ಕಂಬಳಿ ಹೊದ್ದು ಕೂರುತ್ತಿದ್ದಳು. ಆ ಒಂದು ಗಂಟೆ ಮಗ್ಗ ನಿಲ್ಲಿಸಿ ಎಂದು ಪ್ರಮೋದಾ ಎಷ್ಟೋ ಸಲ ಹೇಳಿದ್ದಳು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಒಂದು ಶನಿವಾರ ನಮ್ಮ ಸೀರೆ ಕೊಳ್ಳುವ ಅಪ್ಪಯ್ಯಣ್ಣ ಟೀ ಅಂಗಡಿಯಲ್ಲಿ ಸಿಕ್ಕಿದ. ನಾಲ್ಕು ಜನರ ಮುಂದೆ, "ಏನಪ್ಪಾ ಭೀಮರಾಜ, ದೊಡ್ಡ ಮನುಷ್ಯ ಆಗ್ಬಿಟ್ಟೆ. ಮೂರು ಸಲ ಮಾಡಿದ್ರೂ ಫೋನ್ ಎತ್ತಲ್ಲ. ಈ ಸಲ ಬೇರೆಯೋರ ಹತ್ರ ಮಾಲು ತಗೊಂಡೆ ಬಿಡು" ಎಂದ. ಫೋನು ಮಗಳ ಕ್ಲಾಸಿನಲ್ಲಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

ಮನೆಗೆ ಬಂದವನೇ ಅಡುಗೆಮನೆಯ ಬಾಗಿಲು ದೂಡಿದೆ. ಎರಡೂ ಮಗ್ಗ ಓಡುತ್ತಿದ್ದವು. ಮಗ್ಗದ ಮನೆಯವರು ಮಾತಾಡುವುದೇ ಕೂಗಿ. ಕೂಗಿದರೂ ಎದುರಿದ್ದವರಿಗೆ ಅರ್ಧ ಕೇಳುತ್ತದೆ. ಅದಕ್ಕೇ ಬಾಯಿಗೆ ಬಂದದ್ದು ಅಂದುಬಿಡುವ ಚಾಳಿ ನನಗೆ. ಅವತ್ತೂ ಕೂಗುತ್ತಾ ಇದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು. ಮಗ್ಗಗಳು ನಿಂತವು. ನನ್ನ ಬಾಯಿ ನಿಲ್ಲಲಿಲ್ಲ.

"ಈ ಕುರುಡೀನ ಓದ್ಸಿ ಯಾವೂರು ಉದ್ಧಾರ ಮಾಡ್ಬೇಕು."

ಆ ಮಾತು ನನಗೇ ಪೂರ್ತಿ ಕೇಳಿಸಿತು. ಪಾಠ ಒಪ್ಪಿಸುವ ಅವಳ ಸರದಿ ನಡೆಯುತ್ತಿತ್ತು, ಮೈಕು ತೆರೆದಿತ್ತು. ಆ ಕಡೆ ಹದಿನಾಲ್ಕು ಮಕ್ಕಳು. ಎಲ್ಲರೂ ಕಿವಿಯಲ್ಲೇ ಲೋಕ ನೋಡುವವರು.

"ರಂಜಿತಾ, ಯಾರಮ್ಮಾ ಅದು?" ದಿವ್ಯ ಮಿಸ್ಸು ಫೋನಿನಲ್ಲಿ ಕೇಳಿದರು.

ಕಂಬಳಿಯೊಳಗಿಂದ ರಂಜಿತ, "ಪಕ್ಕದ್ಮನೆಯೋರು ಮಿಸ್. ಅವ್ರು ಹಂಗೇನೆ, ಯಾವಾಗ್ಲೂ ಯಾರನ್ನೋ ಬೈತಿರ್ತಾರೆ" ಎಂದಳು. ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದಲೇ ಪಾಠ ಒಪ್ಪಿಸತೊಡಗಿದಳು.

ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೊರಗೆ ಬಂದೆ. ನನ್ನ ಮನೆಯಲ್ಲಿ ಅಷ್ಟು ಮೆಲ್ಲಗೆ ನಾನು ಎಂದೂ ನಡೆದಿರಲಿಲ್ಲ.

ಮುಂದಿನ ಶನಿವಾರದಿಂದ ಹನ್ನೊಂದಕ್ಕೆ ಮಗ್ಗ ನಿಲ್ಲಿಸತೊಡಗಿದೆ. ಅವಳ ಹತ್ತಿರ ಆ ಮಾತೆತ್ತಲು ಮಾತ್ರ ಬಾಯಿ ಬರಲಿಲ್ಲ. ಅವಳೂ ಎತ್ತಲಿಲ್ಲ.

ತಿಂಗಳು ಕಳೆದ ಮೇಲೆ, ಬರುವ ಶನಿವಾರ ಅಪ್ಪ ಅಮ್ಮಂದಿರೂ ಕ್ಲಾಸಿನಲ್ಲಿ ಎರಡು ಮಾತಾಡಬೇಕು ಎಂದರಂತೆ ಮಿಸ್ಸು. ಊಟಕ್ಕೆ ಕೂತಾಗ ರಂಜಿತ, "ಅಪ್ಪಾ, ಅಮ್ಮ ಮಾತಾಡ್ಲಿ. ನೀನು ಬೇಡ" ಎಂದಳು.

"ಯಾಕೆ, ನಂಗೆ ಮಾತು ಬರಲ್ವಾ?"

"ನಿನ್ ದನಿ ಅವ್ರಿಗೆಲ್ಲ ಗೊತ್ತು."

ಮುರಿದ ಮುದ್ದೆ ಕೈಯಲ್ಲೇ ಉಳಿಯಿತು. "ಯಾಕ್ರೀ, ಬೈಯೋವಾಗ ಇದ್ದ ದನಿ ಈಗ ಎಲ್ಹೋಯ್ತು?" ಎಂದು ಸಾರು ಬಡಿಸುತ್ತಾ ಪ್ರಮೋದಾ ಕುಟುಕಿದಳು.

ಶನಿವಾರ ಮಗಳ ಪಕ್ಕ ನೆಲದ ಮೇಲೆ ಕೂತೆ. ನಮ್ಮ ಸರದಿ ಬಂದಾಗ ಪ್ರಮೋದಾಳನ್ನು ತಡೆದು ನಾನೇ ಫೋನಿನ ಹತ್ತಿರ ಬಗ್ಗಿದೆ. ರಂಜಿತ ನನ್ನ ಮೊಣಕೈ ಹಿಡಿದಳು.

"ನಮಸ್ಕಾರ ಮಿಸ್" ಅಂದೆ. ಅಷ್ಟೇ ಅಂದದ್ದು.

"ಏ, ಪಕ್ಕದ್ಮನೆ ಅಂಕಲ್ಲು ಕಣ್ರೋ" ಎಂದ ಆ ಕಡೆಯಿಂದ ಸುನಿಲ್ ಎಂಬ ಹುಡುಗ. ನಾಲ್ಕೈದು ಮಕ್ಕಳು ಕಿಸಕ್ಕೆಂದರು.

"ಪಕ್ಕದ್ಮನೆಯೋನಲ್ಲ ಕಣಪ್ಪ. ನಾನು ಇವಳಪ್ಪ. ಅವತ್ತು ಬೈದಿದ್ದು ನನ್ ಮಗಳನ್ನೇ. ತಪ್ಪಾಯ್ತು."

ರಂಜಿತಳ ಕೈ ನನ್ನ ಮೊಣಕೈ ಬಿಟ್ಟು ಫೋನಿನ ಮೇಲೆ ಓಡಿತು. "ಮೈಕ್ ಆಫ್" ಎಂದಿತು ಫೋನು.

"ನಾನು ಸುಳ್ಳು ಹೇಳಿದ್ದು ಎಲ್ರಿಗೂ ಗೊತ್ತಾಗೋಯ್ತಲ್ಲಪ್ಪಾ" ಎಂದು ಅಳತೊಡಗಿದಳು.

ಅದು ನನಗೆ ಹೊಳೆದೇ ಇರಲಿಲ್ಲ.