ಬನ್ನಕ್ಕ ಹಿಟ್ಟೆರಚುವುದನ್ನು ಬಿಟ್ಟಿದ್ದು

ನಮ್ಮ ಮನೆಯ ಕೆಳಗಿನ ಬೇಕರಿಗೆ ಬೀದಿಯ ಕಡೆ ಒಂದು ದೊಡ್ಡ ಗಾಜಿನ ಕಿಟಕಿಯಿದೆ. ಬೆಳಿಗ್ಗೆ ಕೆಲಸಕ್ಕೆ ಹೊರಟವರು ಬಸ್ಸಿಗೆ ಹೊತ್ತಾದರೂ ಅದರ ಮುಂದೆ ಒಂದು ಗಳಿಗೆ ನಿಂತೇ ಹೋಗುತ್ತಿದ್ದರು. ಒಳಗೆ ಬನ್ನಕ್ಕ ಉದ್ದನೆಯ ಮರದ ಹಲಗೆಯ ಮುಂದೆ ನಿಂತು, ಬುಟ್ಟಿಯಿಂದ ಒಂದು ಹಿಡಿ ಹಿಟ್ಟು ತೆಗೆದು, ಬರೀ ಮಣಿಕಟ್ಟಿನಿಂದ ಬೀಸುತ್ತಿದ್ದಳು. ಹಿಟ್ಟು ಗಾಳಿಯಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಂಡು ಹಲಗೆಯ ತುಂಬ ಒಂದೇ ಸಮನಾಗಿ ಕೂರುತ್ತಿತ್ತು. ಅದರ ಮೇಲೆ ನಾದಿದ ಹಿಟ್ಟಿನ ಮುದ್ದೆ ಬಿತ್ತೆಂದರೆ ಎಲ್ಲೂ ಅಂಟದು.

ಈ ಕೈ ಅವಳಿಗೆ ಬಂದದ್ದು ಅತ್ತೆಯಿಂದ. ಬೇಕರಿ ಶುರುಮಾಡಿದ್ದು ಆ ಮುದುಕಿಯೇ. ಎರಚುವಾಗ ಮೊಣಕೈ ಅಲ್ಲಾಡಬಾರದು ಎಂಬುದು ಅವಳ ಕಟ್ಟಪ್ಪಣೆ. ಸೊಸೆಗೆ ಹಲಗೆ ಬಿಟ್ಟುಕೊಟ್ಟ ಮೇಲೂ ಮೂಲೆಯಲ್ಲೊಂದು ಸ್ಟೂಲು ಹಾಕಿಕೊಂಡು ಆ ಮೊಣಕೈಯನ್ನೇ ಕಾಯುತ್ತಿದ್ದಳು. ಬನ್ನಕ್ಕನ ಗಂಡ ಗಲ್ಲಾದಲ್ಲಿ ಕೂರುತ್ತಿದ್ದ. ಒಳಗಿನ ವಿಷಯಕ್ಕೆ ತಲೆಹಾಕುತ್ತಿರಲಿಲ್ಲ. ಸಂಸಾರ ನೆಮ್ಮದಿಯಾಗಿತ್ತು.

ಬನ್ನಕ್ಕನಿಗೆ ಉಬ್ಬಸ ಹತ್ತಿದ್ದು ಮೂವತ್ತೈದರ ಮೇಲೆ. ಸಂಜೆಯಾದರೆ ಸಾಕು, ಎದೆಯೊಳಗೆ ಸೀಟಿ ಶುರುವಾಗುತ್ತಿತ್ತು. ಎದೆರೋಗದ ಡಾಕ್ಟರು ಉಸಿರಿನ ಔಷಧಿಯ ಎರಡು ಪಂಪು ಕೊಟ್ಟಿದ್ದರು: ದಿನವೂ ಎರಡು ಹೊತ್ತು ಎಳೆದುಕೊಳ್ಳಲು ಕಂದು ಬಣ್ಣದ್ದು, ಉಸಿರು ಕಟ್ಟಿದಾಗ ಮಾತ್ರ ನೀಲಿ. ನೀಲಿ ಎಳೆದ ಕೂಡಲೇ ಹಾಯೆನ್ನಿಸುತ್ತಿತ್ತು, ಕಂದು ಎಳೆದರೆ ಏನೂ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಕಂದು ಬಣ್ಣದ್ದು ಕಪಾಟು ಸೇರಿತು.

ಸೀಟಿ ಮನೆಯಲ್ಲೇ ಬರುತ್ತಿದ್ದುದರಿಂದ ಕಳ್ಳ ಮನೆಯಲ್ಲೇ ಇದ್ದಾನೆಂದು ಎಲ್ಲರೂ ತೀರ್ಮಾನಿಸಿದರು. ಬೇಕರಿಯಲ್ಲಿ ಬೆಳಿಗ್ಗೆಯೆಲ್ಲ ಆರಾಮಾಗಿಯೇ ಇರುತ್ತಿದ್ದಳಲ್ಲ. ಮೊದಲು ಪರದೆಗಳು ಹೋದವು. ಆಮೇಲೆ ಹತ್ತಿಯ ದಿಂಬು. ಗಂಡನ ತಲೆಗೆಣ್ಣೆಯ ವಾಸನೆಯೇ ಕಾರಣವೆಂದು ಅತ್ತೆ ಶೀಸೆಯನ್ನು ಬಚ್ಚಲಿಗೆ ಸುರಿದಳು. ಕೊನೆಗೆ ಬೆಕ್ಕಿನ ಸರದಿ. ಅದನ್ನು ಮೇಲಂತಸ್ತಿನ ನನ್ನ ಮನೆಗೆ ಸಾಗಹಾಕಿದರು. ನಾನು ಡಾಕ್ಟರು, ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ. ಆದರೂ ನನ್ನನ್ನು ಯಾರೂ ಕೇಳಲಿಲ್ಲ.

ಒಮ್ಮೆ ಓವನ್ ಕೆಟ್ಟು ಬೇಕರಿ ಒಂದು ವಾರ ಮುಚ್ಚಿತು. ಬನ್ನಕ್ಕ ಇಡೀ ವಾರ ಮನೆಯಲ್ಲೇ ಇದ್ದಳು. ಸೀಟಿಯಿಲ್ಲ, ಕೆಮ್ಮಿಲ್ಲ. ಬೆಕ್ಕು ಕಿಟಕಿಯಿಂದಿಳಿದು ಹೋಗಿ ದಿನವೂ ಅವಳ ಹಾಸಿಗೆಯಲ್ಲೇ ಮಲಗುತ್ತಿತ್ತೆಂಬುದು ನನಗೆ ಗೊತ್ತಿತ್ತು. ಅತ್ತೆಗೆ ಹೇಳಿದೆ.

"ಹಾಗಾದ್ರೆ ಬೆಕ್ಕಿಗೆ ವಾಸಿಯಾಗಿರ್ಬೇಕು ಡಾಕ್ಟ್ರಮ್ಮ," ಎಂದಳು ಮುದುಕಿ.

ಬೇಕರಿ ತೆರೆದ ದಿನ ಬನ್ನಕ್ಕ ಹುರುಪಿನಿಂದ ಹಲಗೆಗೆ ಎರಡರಷ್ಟು ಹಿಟ್ಟೆರಚಿದಳು. ವಾಡಿಕೆಯಂತೆ ಖಾಲಿ ಚೀಲಗಳನ್ನು ಗೋಡೆಗೆ ಬಡಿದು ಕೊಡವಿದಳು. ಅಂದು ಸಂಜೆ ನೀಲಿ ಪಂಪಿಗೂ ಉಬ್ಬಸ ಇಳಿಯದೆ ಅವಳನ್ನು ಆಸ್ಪತ್ರೆಗೆ ಕರೆತಂದರು. ಉಸಿರು ಹದಕ್ಕೆ ಬಂದ ಮೇಲೆ ಎದೆರೋಗದ ಡಾಕ್ಟರು ಅವಳ ಕಫವನ್ನು ಪರೀಕ್ಷೆಗೆ ಕಳಿಸಿದರು. ಆಗ ನಾನು ಅದೇ ಆಸ್ಪತ್ರೆಯ ಪ್ರಯೋಗಾಲಯದಲ್ಲಿದ್ದೆ. ಗಾಜಿನ ಪಟ್ಟಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಕಂಡಲ್ಲೆಲ್ಲ ಕೆಂಪು ಹರಳು ತುಂಬಿದ ಬಿಳಿರಕ್ತಕಣಗಳು. ಇಯೋಸಿನೊಫಿಲ್ ಎನ್ನುತ್ತೇವೆ. ಎದ್ದು ಓಡಾಡುವಂತಾದ ದಿನವೇ ಬನ್ನಕ್ಕ ನನ್ನನ್ನು ಹುಡುಕಿಕೊಂಡು ಬಂದಳು.

"ನನ್ನದನ್ನ ನಾನೂ ನೋಡ್ಬೇಕು," ಎಂದಳು.

ತೋರಿಸಿದೆ.

"ಇವು ಮೈಯೊಳಗಿನ ಕಾವಲಿನವು," ಎಂದೆ. "ಹೊಟ್ಟೆಯಲ್ಲಿ ಹುಳು ಗಿಳು ಸೇರಿದರೆ ಹೊಡೆಯಬೇಕಾದವು. ನಿಮ್ಮ ಮೈ ಹಿಟ್ಟಿನ ಧೂಳನ್ನೇ ಶತ್ರು ಅಂತ ತಿಳ್ಕೊಂಡು ಇವನ್ನ ಉಸಿರಿನ ಕೊಳವೆಗೆ ಕರೆಸ್ತಾ ಇದೆ."

"ಹಿಟ್ಟಾ? ಬೆಳಿಗ್ಗೆ ಹಿಟ್ಟಲ್ಲೇ ಮುಳುಗಿರ್ತೀನಿ, ಏನೂ ಆಗಲ್ವಲ್ಲ."

"ಕರೆ ಹೋದ ಕೂಡಲೇ ಬರಲ್ಲ ಇವು. ರಕ್ತದಿಂದ ಹೊರಟು ಬಂದು ಗುಂಪು ಸೇರೋಕೆ ಗಂಟೆಗಟ್ಟಲೆ ಬೇಕು. ಬೆಳಿಗ್ಗೆ ಎರಚಿದ್ದಕ್ಕೆ ಸಂಜೆ ಬರ್ತವೆ."

"ನಮ್ಮ ಯಜಮಾನರ ಥರ ಅನ್ನಿ."

"ಬಂದು ಸುಮ್ಮನೆ ಕೂರಲ್ಲ. ಕೊಳವೆಯ ಒಳಗೋಡೆ ಊದಿಸಿ, ಕೆರೆದು ಗಾಯ ಮಾಡ್ತವೆ. ದಾರಿ ಕಿರಿದಾಗುತ್ತೆ, ಅದೇ ಸೀಟಿ."

"ಯಜಮಾನರು ಇಷ್ಟು ಕೆಲಸ ಮಾಡಲ್ಲ ಬಿಡಿ," ಎಂದು ಮತ್ತೆ ಕಣ್ಣು ಅಲ್ಲೇ ಊರಿದಳು.

ಚರ್ಮದ ಪರೀಕ್ಷೆಯಲ್ಲೂ ಹಿಟ್ಟೇ ಸಿಕ್ಕಿಬಿತ್ತು. ಬೆಕ್ಕಿಗೆ ಬಿಡುಗಡೆಯಾಯಿತು. ಆದರೆ ಎದೆರೋಗದ ಡಾಕ್ಟರು ಮಾತನ್ನು ಮೆತ್ತಗೆ ಮಾಡಲಿಲ್ಲ. ಹಲಗೆ ಬಿಡುವುದೇ ಒಳ್ಳೆಯದು ಎಂದರು. ಬಿಡಲಾಗದಿದ್ದರೆ ಗಾಳಿಯಲ್ಲಿ ಹಿಟ್ಟು ಹಾರಬಾರದು, ಮೂಗುಬಾಯಿಗೆ ಮಾಸ್ಕು ಇರಬೇಕು, ಕಂದು ಪಂಪು ತಪ್ಪಬಾರದು. ಮೂರು ತಿಂಗಳ ಮೇಲೆ ಮತ್ತೆ ಕಫ ನೋಡೋಣ, ಆಗಲೂ ಇಷ್ಟೇ ಕಣಗಳಿದ್ದರೆ ಬೇಕರಿಯೊಳಗೆ ಕಾಲಿಡುವಂತಿಲ್ಲ.

ಬನ್ನಕ್ಕ ಮನೆಗೆ ಬಂದು ಅತ್ತೆಗೆ ವರದಿ ಒಪ್ಪಿಸಿದಳು.

"ಹಿಟ್ಟು ಎರಚದೆ ಹಲಗೆಗೆ ಏನು ಹಾಕ್ತೀಯ?"

"ಎಣ್ಣೆ ಸವರ್ತೀನಿ ಅತ್ತೆ."

"ಎಣ್ಣೆ ಸವರೋದು ತಲೆಗೆ ಕಣೇ. ನಿನ್ನ ಕೈಲಿ ಆಗದಿದ್ರೆ ಗಲ್ಲಾದಲ್ಲಿ ಹೋಗಿ ಕೂತ್ಕೋ. ನಾನಿನ್ನೂ ಸತ್ತಿಲ್ಲ, ನಾನು ಎರಚ್ತೀನಿ."

"ನೀವು ಎರಚಿದ್ರೂ ನಾನು ಉಸಿರಾಡೋದು ಅದೇ ಗಾಳಿ. ಗಲ್ಲಾಕ್ಕೂ ಹಲಗೆಗೂ ನಡುವೆ ಬಾಗಿಲೆಲ್ಲಿದೆ?"

ಮುದುಕಿ ಮೂತಿ ತಿರುಗಿಸಿದಳು. ಬನ್ನಕ್ಕ ಹಿಡಿದ ಹಟ ಬಿಡಲಿಲ್ಲ. ಖಾಲಿ ಚೀಲಗಳನ್ನು ಕೊಡವದೆ ನೀರು ಚಿಮುಕಿಸಿ ಸುತ್ತಿಟ್ಟಳು. ಪೊರಕೆಯ ಬದಲು ಒದ್ದೆ ಬಟ್ಟೆ ಬಂತು. ಮೊದಲ ವಾರ ಎಣ್ಣೆಯ ಪ್ರಮಾಣ ತಿಳಿಯದೆ ಹಿಟ್ಟಿನ ಉಂಡೆಗಳು ಹಲಗೆಯ ಮೇಲೆ ಜಾರುಬಂಡಿಯಾಡಿದವು. ಒಂದಂತೂ ನೇರ ಹೋಗಿ ಕಿಟಕಿಯ ಗಾಜಿಗೆ ಅಂಟಿಕೊಂಡಿತು. ಹೊರಗೆ ನಿಂತಿದ್ದ ಪೋಸ್ಟ್‌ಮನ್ ಬಾಗಿಲಲ್ಲಿ ತಲೆಹಾಕಿ, "ಅಕ್ಕ, ಹಳೇ ಆಟಾನೇ ಚೆನ್ನಾಗಿತ್ತು. ಆದ್ರೆ ಇದೂ ಪರವಾಗಿಲ್ಲ," ಎಂದ.

"ನಗ್ತಾರೆ ನೋಡು," ಎಂದು ಸ್ಟೂಲಿನಿಂದ ಅತ್ತೆಯ ಗೊಣಗು.

ಸೀಟಿ ಮಾತ್ರ ಇಳಿಯುತ್ತ ಬಂತು. ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಬನ್ನಕ್ಕ ಗಲ್ಲಾದ ಹತ್ತಿರ ಯಾರೊಡನೆಯೋ ಮಾತಾಡುತ್ತಿದ್ದಾಗ ಮುದುಕಿಗೆ ತಡೆಯಲಾಗಲಿಲ್ಲ. ಹಲಗೆಯ ಮುಂದೆ ಹೋಗಿ ನಿಂತಳು. ಒಂದು ಹಿಡಿ, ಅದು ಸೊಗಸಾಗಿ ಬಿದ್ದಿತೆಂದು ಇನ್ನೊಂದು ಹಿಡಿ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಏನೂ ಅರಿಯದವಳಂತೆ ಸ್ಟೂಲಿಗೆ ಮರಳಿದಳು. ಅದರ ಬೆನ್ನಿಗೇ ಬನ್ನಕ್ಕ ಒಳಗೆ ಬಂದು ಕೆಲಸಕ್ಕೆ ಕೈಹಚ್ಚಿದಳು. ಅದೂ ಮಾಸ್ಕು ಇಲ್ಲದೆ, ಏಕೆಂದರೆ ಈಗ ಹಾರುವ ಹಿಟ್ಟೇ ಇಲ್ಲವಲ್ಲ ಎಂಬ ಧೈರ್ಯ.

ಸಂಜೆ ಸೀಟಿ ಬಂತು.

"ಎಲ್ಲಾ ಸರಿಯಾಗಿ ಮಾಡಿದ್ದೆನಲ್ಲ," ಎಂದು ಬನ್ನಕ್ಕ ನೀಲಿ ಪಂಪು ಹಿಡಿದು ಕೂತಳು. "ಇನ್ನೇನು, ಹಲಗೆ ಹೋಯ್ತು ಅನ್ಕೊಳ್ಳಿ."

ಮುದುಕಿ ಸೊಸೆಯ ಪಕ್ಕಕ್ಕೆ ಬಂದು ಕೂತಳು. "ಬೆಳಿಗ್ಗೆ ಎರಚಿದ್ರೆ ಸಂಜೆ ಬರುತ್ತೆ ಅಂದ್ರಲ್ಲ ಆ ಡಾಕ್ಟ್ರಮ್ಮ."

"ಹೂಂ. ನಾನು ಎರಚಿಲ್ವಲ್ಲ."

"ನಾನು ಎರಚಿದೆ."

ಬನ್ನಕ್ಕ ಅತ್ತೆಯ ಮುಖವನ್ನೇ ನೋಡಿದಳಂತೆ. "ಚೆನ್ನಾಗಿ ಬಿತ್ತಾ?" ಎಂದು ಕೇಳಿದಳಂತೆ.

"ಚೆನ್ನಾಗೇ ಬಿತ್ತು. ಮೊದಲು ಆ ಪಂಪು ಎಳ್ಕೋ."

ಮರುದಿನ ಹಿಟ್ಟಿನ ಬುಟ್ಟಿ ಬೇಕರಿಯಲ್ಲಿರಲಿಲ್ಲ. ಮುದುಕಿ ಅದರಲ್ಲಿ ಬೆಕ್ಕಿಗೆ ಹಾಸಿಗೆ ಮಾಡಿಕೊಟ್ಟಿದ್ದಳು. ಅಂದಿನಿಂದ ಕಾವಲು ಶುರುವಾಯಿತು. ಯಾರಾದರೂ ಚೀಲವನ್ನು ಜೋರಾಗಿ ಇಳಿಸಿದರೆ ಮುದುಕಿ ಸ್ಟೂಲಿನಿಂದಲೇ ಜಾಡಿಸುತ್ತಿದ್ದಳು. ಮಗ ಬೆಳಿಗ್ಗೆ ಕಂದು ಪಂಪನ್ನು ಹೆಂಡತಿಯ ಮುಂದಿಡದೆ ಗಲ್ಲಾದ ಬೀಗ ತೆಗೆಯುವಂತಿರಲಿಲ್ಲ.

ಮೂರು ತಿಂಗಳಾದ ಮೇಲೆ ಅತ್ತೆ ಸೊಸೆ ಇಬ್ಬರೂ ಪ್ರಯೋಗಾಲಯಕ್ಕೆ ಬಂದರು. ಒಬ್ಬಳ ಕಫಕ್ಕೆ ಇಬ್ಬರು ಬರುವ ಅಗತ್ಯವಿಲ್ಲವೆಂದು ಹೇಳಿದೆ. ಮುದುಕಿ ಕದಲಲಿಲ್ಲ. ಪಟ್ಟಿಯ ಮೂಲೆಮೂಲೆ ನೋಡಿದೆ. ಕೆಂಪು ಹರಳಿನವು ಅಲ್ಲೊಂದು ಇಲ್ಲೊಂದು. ಮುದುಕಿಗೆ ತೋರಿಸಲು ಒಂದನ್ನು ಹುಡುಕಬೇಕಾಯಿತು.

ಅವಳು ಒಂದು ಕಣ್ಣು ಮುಚ್ಚಿ ಬಗ್ಗಿದಳು. "ಇದೇನಾ? ನಡುವೆ ಎರಡು ದುಂಡು, ಕನ್ನಡಕ ಹಾಕ್ಕೊಂಡ ಹಾಗಿದೆ. ಇಷ್ಟು ಚಂದದ್ದು ಆ ಕೆಲಸ ಮಾಡುತ್ತಾ?"

"ಗುಂಪು ಸೇರಿದರೆ ಮಾಡುತ್ತೆ."

"ಹಲಗೆ ಉಳೀತಾ ಮೇಡಂ?" ಎಂದು ಬನ್ನಕ್ಕ ಬಾಗಿಲ ಹತ್ತಿರದಿಂದ ಕೇಳಿದಳು.

ಅದನ್ನು ಹೇಳಬೇಕಾದವರು ಎದೆರೋಗದ ಡಾಕ್ಟರು. ಅರ್ಧ ಗಂಟೆಯ ಮೇಲೆ ಹೇಳಿದರು. ಉಸಿರಿನ ಅಳತೆಯೂ ಸುಧಾರಿಸಿದೆ, ಹೀಗೇ ನಡೆಸಿಕೊಂಡು ಹೋಗಲಿ, ಆರು ತಿಂಗಳಿಗೊಮ್ಮೆ ಬರಲಿ.

ಮರುದಿನ ಬೆಳಿಗ್ಗೆ ಬೇಕರಿಯ ಕಿಟಕಿಯ ಮುಂದೆ ನಾಲ್ಕು ಜನ ಇದ್ದರು, ನಾನೂ ಬ್ರೆಡ್ಡಿಗೆ ನಿಂತಿದ್ದೆ. ಬನ್ನಕ್ಕ ಹಲಗೆಗೆ ಎಣ್ಣೆ ಸವರಿದಳು, ಕೈ ಒರೆಸಿಕೊಂಡಳು, ನಮ್ಮತ್ತ ನೋಡಿದಳು. ಆಮೇಲೆ ಖಾಲಿ ಮುಷ್ಟಿ ಎತ್ತಿ, ಮಣಿಕಟ್ಟು ತಿರುಗಿಸಿ, ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಏನೂ ಇಲ್ಲದ್ದನ್ನು ಎರಚಿದಳು. ಪೋಸ್ಟ್‌ಮನ್ ಚಪ್ಪಾಳೆ ತಟ್ಟಿದ.

ಮೂಲೆಯ ಸ್ಟೂಲಿನಿಂದ ಧ್ವನಿ ಬಂತು. "ಮೊಣಕೈ ಅಲ್ಲಾಡ್ತು ಕಣೇ."